ಹೃದಯದ ಬೈಪಾಸ್ ಆದ ಮೇಲೆ ಮಾರುತಿ ಈಕೋ ವ್ಯಾನನ್ನು ಕ್ಯಾಂಪರ್ (ಮಲಗುವ ಗಾಡಿ) ಮಾಡುವುದು ಹೇಗೆ: ಎದೆಮೂಳೆ ಕೂಡುವ ವೇಗದಲ್ಲಿ ಒಂದು ಸಮಗ್ರ ಮಾರ್ಗದರ್ಶಿ

ಬೈಪಾಸ್ ಆಪರೇಷನ್‌ನಲ್ಲಿ ಎದೆಮೂಳೆಯನ್ನು ನಡುವೆ ಉದ್ದಕ್ಕೆ ಕತ್ತರಿಸುತ್ತಾರೆ. ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಸ್ಟೀಲ್ ತಂತಿ ಬಿಗಿದು ಮತ್ತೆ ಕೂಡಿಸುತ್ತಾರೆ. ಹೊರಗಿನ ಗಾಯ ಕೆಲವು ವಾರಕ್ಕೇ ಒಣಗಿದ ಹಾಗೆ ಕಾಣುತ್ತದೆ. ಒಳಗಿನ ಮೂಳೆ ಕೂಡಲು 6ರಿಂದ 8 ವಾರ ಬೇಕು, ಪೂರ್ತಿ ಗಟ್ಟಿಯಾಗಲು 3 ತಿಂಗಳು ಅಥವಾ ಅದಕ್ಕೂ ಜಾಸ್ತಿ. ಆ ಹೊತ್ತಿನಲ್ಲಿ ಮನೆಯಲ್ಲಿ ಸುಮ್ನೆ ಕೂತಿರುವುದು ಎಷ್ಟು ಕಷ್ಟ ಅಂತ ಆಪರೇಷನ್ ಆದವರಿಗೇ ಗೊತ್ತು. ನಾನು ಆ ಕಾಲವನ್ನು ಒಂದು ಹಳೇ ಮಾರುತಿ ಈಕೋವನ್ನು ಮಲಗುವ ಗಾಡಿ ಮಾಡಲು ಬಳಸಿಕೊಂಡೆ. ಮನಸ್ಸಿಗೆ ಅದು ತುಂಬಾ ಒಳ್ಳೆಯದು ಮಾಡಿತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಈ ಬರಹದಲ್ಲಿ ಎಲ್ಲ ಲೆಕ್ಕವೂ ಒಂದೇ ಕಡೆಯಿಂದ ಶುರುವಾಗುತ್ತದೆ: ನಿಮ್ಮ ಎದೆ ಇವತ್ತು ಎಷ್ಟು ಭಾರ ತಡೆಯುತ್ತದೆ? ಹಲಗೆಯ ದಪ್ಪ, ಬ್ಯಾಟರಿಯ ಸೈಜು, ನೀರಿನ ಕ್ಯಾನು ಎಲ್ಲವನ್ನೂ ಈ ಪ್ರಶ್ನೆಯೇ ನಿರ್ಧಾರ ಮಾಡಲಿ. ಹಾಗೆ ಕಟ್ಟಿದ ಗಾಡಿ ಮುಂದೆ ಮೈ ಗಟ್ಟಿಯಾದ ಮೇಲೂ ಹಗುರವಾಗಿ, ಸರಳವಾಗಿ ಉಳಿಯುತ್ತದೆ.

ಮೊದಲು ಡಾಕ್ಟರ ಹತ್ತಿರ ಕೇಳಿ, ಬರೆಸಿಕೊಳ್ಳಿ

ಡಿಸ್ಚಾರ್ಜ್ ಆಗುವಾಗ "ಭಾರ ಎತ್ತಬೇಡಿ" ಅಂತ ಹೇಳಿ ಕಳಿಸುತ್ತಾರೆ. ಅಷ್ಟು ಸಾಲದು. ಎಷ್ಟು ಕೆಜಿ, ಯಾವ ವಾರದವರೆಗೆ ಅಂತ ಕೇಳಿ. ಸಾಮಾನ್ಯವಾಗಿ ಮೊದಲ 6ರಿಂದ 8 ವಾರ 2ರಿಂದ 4 ಕೆಜಿಗಿಂತ ಜಾಸ್ತಿ ಬೇಡ ಅನ್ನುತ್ತಾರೆ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ, ಮೂಳೆ ಸವೆದವರಿಗೆ, ಸಿಗರೇಟು ಸೇದುತ್ತಿದ್ದವರಿಗೆ ಮೂಳೆ ಕೂಡುವುದು ನಿಧಾನ. ಅವರ ಮಿತಿ ಬೇರೆ ಇರಬಹುದು. ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬಹುದೇ? ಗಾಡಿ ಯಾವಾಗ ಓಡಿಸಬಹುದು? ಡ್ರಿಲ್ ಮಷಿನ್ ಯಾವಾಗ ಹಿಡಿಯಬಹುದು? ರಕ್ತ ತೆಳು ಮಾಡುವ ಮಾತ್ರೆ ಯಾವುದು, ಎಷ್ಟು ದಿನ? ಈ ನಾಲ್ಕನ್ನೂ ಕೇಳಿ, ಉತ್ತರವನ್ನು ಡಿಸ್ಚಾರ್ಜ್ ಹಾಳೆಯ ಹಿಂದೆಯೇ ಬರೆದಿಡಿ. ಆಸ್ಪತ್ರೆಯಲ್ಲಿ ಹೃದಯದ ವ್ಯಾಯಾಮದ ತರಗತಿ ಇದ್ದರೆ ಬಿಡಬೇಡಿ. ಅಲ್ಲಿನ ಫಿಸಿಯೋಥೆರಪಿಸ್ಟ್‌ಗೆ ವ್ಯಾನಿನ ಕೆಲಸದ ಬಗ್ಗೆ ಹೇಳಿ. ಯಾವ ಚಲನೆ ಸರಿ, ಯಾವುದು ಬೇಡ ಅಂತ ಅವರು ಮಾಡಿಸಿಯೇ ತೋರಿಸುತ್ತಾರೆ.

ನನಗೆ ತುಂಬಾ ಉಪಯೋಗಕ್ಕೆ ಬಂದ ನಿಯಮ ಒಂದಿದೆ. ಮೇಲ್ತೋಳು ಪಕ್ಕೆಗೆ ಅಂಟಿಕೊಂಡಿರಲಿ. ಮೊಣಕೈಯಿಂದ ಕೆಳಗಿನ ಕೈ ಮಾತ್ರ ಆಡಲಿ. ಹಾಗೆ ಮಾಡಿದಾಗ ಎದೆಮೂಳೆಯ ಮೇಲೆ ಎಳೆತ ತುಂಬಾ ಕಡಿಮೆ. ಕೈ ಚಾಚಿ ಎರಡು ಕೆಜಿ ಎತ್ತುವುದು ಕೈ ಮೈಗೆ ಸೇರಿಸಿ ನಾಲ್ಕು ಕೆಜಿ ಎತ್ತುವುದಕ್ಕಿಂತ ಕಷ್ಟ. ವ್ಯಾನಿನ ಕೆಲಸದಲ್ಲಿ ಪ್ರತಿ ಹೆಜ್ಜೆಗೂ ಇದು ನೆನಪಿರಲಿ.

ಯಾವ ಗಾಡಿ, ಕಾನೂನು ಏನು

ಮಾರುತಿಯದೇ ಓಮ್ನಿ ವ್ಯಾನ್ 2019ರಲ್ಲಿ ನಿಂತುಹೋಯಿತು. ಈಕೋ 2010ರಿಂದ ಬರುತ್ತಿದೆ. ಎರಡೂ ಕಡೆ ಜಾರುವ ಬಾಗಿಲು, ಹಿಂದೆ ಮೇಲಕ್ಕೆ ತೆರೆಯುವ ಬಾಗಿಲು, ಯಾವ ತಾಲೂಕಿನಲ್ಲಿ ಕೆಟ್ಟರೂ ರಿಪೇರಿ ಮಾಡುವ ಮೆಕ್ಯಾನಿಕ್. ಚೇತರಿಸಿಕೊಳ್ಳುತ್ತಿರುವವರಿಗೆ ಈ ಕೊನೆಯದು ದೊಡ್ಡ ಧೈರ್ಯ. ಪೆಟ್ರೋಲ್ ಗಾಡಿಯನ್ನೇ ನೋಡಿ, ಸಿಎನ್‌ಜಿ ಸಿಲಿಂಡರ್ ಹಾಸಿಗೆಯ ಜಾಗ ತಿನ್ನುತ್ತದೆ. ಫೋರ್ಸ್ ಟ್ರಾವೆಲರ್ ಅಥವಾ ಟಾಟಾ ವಿಂಗರ್‌ನಂಥ ದೊಡ್ಡ ವ್ಯಾನಿನ ಒಳಗೆ ಜಾಗ ಜಾಸ್ತಿ, ನಿಜ. ಆದರೆ ಅವುಗಳ ಒಳಗೆ ಮಾಡಬೇಕಾದ ಕೆಲಸವೂ ಅಷ್ಟೇ ಜಾಸ್ತಿ. ಆಪರೇಷನ್ ಆದ ವರ್ಷ ಅದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾನೂನಿನ ವಿಷಯವನ್ನು ಹಗುರವಾಗಿ ತಗೊಳ್ಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಮನೆಯಂಥ ಗಾಡಿಗಳಿಗೆ ಎಐಎಸ್-124 ಅನ್ನುವ ಬೇರೆ ಮಾನದಂಡವೇ ಇದೆ. ಅದು ಬಾಡಿ ಕಟ್ಟುವ ಕಂಪನಿಗಳ ದಾರಿ, ನಮ್ಮ ನಿಮ್ಮಂಥವರದಲ್ಲ.

ಹಾಗಾದರೆ ನಮಗೆ ಉಳಿದ ದಾರಿ? ಸೀಟು ಕೀಳುವುದಿಲ್ಲ. ಗಾಡಿಯ ಮೈಗೆ ತೂತು ಕೊರೆಯುವುದಿಲ್ಲ. ಮೇಲ್ಛಾವಣಿ ಕತ್ತರಿಸುವುದಿಲ್ಲ. ಒಳಗಿಟ್ಟದ್ದೆಲ್ಲ ಬೆಲ್ಟು ಬಿಚ್ಚಿದರೆ ಹೊರಗೆ ಬರಬೇಕು, ಲಗೇಜಿನ ಹಾಗೆ. ಇದು ಎದೆಗೂ ಒಳ್ಳೆಯದು. ಬಿಡಿಬಿಡಿಯಾದ ಸಣ್ಣ ಡಬ್ಬಗಳು ಹಗುರ, ಅವನ್ನು ಮನೆಯ ಮೇಜಿನ ಮೇಲೇ ಜೋಡಿಸಬಹುದು, ಗಾಡಿಯೊಳಗೆ ಬಗ್ಗಿ ಕೆಲಸ ಮಾಡುವ ಪ್ರಮೇಯವೇ ಇಲ್ಲ. ಯಾವುದಕ್ಕೂ ಇನ್ಶೂರೆನ್ಸ್ ಏಜೆಂಟ್‌ಗೆ ಒಂದು ಮಾತು ಹೇಳಿಡಿ.

ಮೊದಲ ಆರು ವಾರ: ಸೀಮೆಸುಣ್ಣ, ರಟ್ಟು, ನೋಟ್‌ಬುಕ್

ಈ ವಾರಗಳಲ್ಲಿ ನಿಮ್ಮ ಮುಖ್ಯ ಕೆಲಸ ನಡೆಯುವುದು, ನಿದ್ದೆ, ಊಟ, ಮಾತ್ರೆ. ವ್ಯಾನಿನ ಕೆಲಸವೆಲ್ಲ ಕೂತಲ್ಲೇ.

ಮನೆಯಲ್ಲಿ ಯಾರಾದರೂ ಟೇಪು ಹಿಡಿದು ಗಾಡಿಯ ಒಳ ಅಳತೆ ತೆಗೆಯಲಿ. ನೆಲದ ಉದ್ದ, ಅಗಲ, ಚಕ್ರದ ಉಬ್ಬು ಎಲ್ಲಿ ಶುರುವಾಗುತ್ತದೆ, ಸೀಟು ಎಷ್ಟು ಮಡಚುತ್ತದೆ, ಮಡಚಿದ ಸೀಟಿನ ಎತ್ತರ, ಅಲ್ಲಿಂದ ಛಾವಣಿಗೆ ಎಷ್ಟು, ನೆಲದಿಂದ ಬಾಗಿಲ ಹೊಸ್ತಿಲಿಗೆ ಎಷ್ಟು. ಆಮೇಲೆ ಅದನ್ನೆಲ್ಲ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಅಳತೆಗೇ ಬರೆಯಿಸಿ. ನೀವು ಕುರ್ಚಿಯಲ್ಲಿ ಕೂತು ಹೇಳಿ, ಮಕ್ಕಳು ಗೆರೆ ಎಳೆಯಲಿ. ನಮ್ಮ ಮನೆಯಲ್ಲಿ ನನ್ನಾಕೆ ಆ ಗೆರೆಯೊಳಗೆ ಚಾಪೆ ಹಾಸಿ ಮಲಗಿ ನೋಡಿದಳು. "ರೀ, ಕಾಲು ಸೀಟಿಗೆ ತಾಗುತ್ತೆ, ತಲೆ ಕಡೆ ಸ್ವಲ್ಪ ಜಾಗ ಬಿಡಿ" ಅಂದಳು. ಹಲಗೆ ಕೊಳ್ಳುವ ಮೊದಲೇ ಸಿಕ್ಕ ಆ ಮಾತಿಗೆ ಬೆಲೆ ಕಟ್ಟಲಾಗದು.

ಮುಂದಿನ ಹಂತ ರಟ್ಟು. ದಿನಸಿ ಅಂಗಡಿಯಲ್ಲಿ ಬಿಸ್ಕತ್ತಿನ ಖಾಲಿ ಡಬ್ಬಗಳು ಸಿಗುತ್ತವೆ. ನೀವು ಮಾಡಬೇಕೆಂದಿರುವ ಪ್ರತಿ ಪೆಟ್ಟಿಗೆಯನ್ನೂ ಮೊದಲು ರಟ್ಟಿನಲ್ಲಿ ಮಾಡಿ, ಗೆರೆಯೊಳಗೆ ಇಡಿ. ಸ್ಟವ್ ಎಲ್ಲಿ, ಮಾತ್ರೆ ಎಲ್ಲಿ, ನೀರು ಎಲ್ಲಿ ಅಂತ ಮೇಲೆ ಬರೆಯಿರಿ. ಒಂದು ವಾರ ಹಾಗೇ ಬಿಡಿ. ದಿನಕ್ಕೊಮ್ಮೆ ನೋಡಿದರೆ ಏನು ತಪ್ಪಿದೆ ಅಂತ ತಾನಾಗಿ ಹೊಳೆಯುತ್ತದೆ.

ಬೇಸರ, ಸುಮ್ಮನೆ ಅಳು ಬರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಹೃದಯದ ಆಪರೇಷನ್ ಆದವರಲ್ಲಿ ತುಂಬಾ ಜನಕ್ಕೆ ಆಗುತ್ತದೆ. ಒಂದು ಪುಟ ಚಿತ್ರ, ಒಂದು ರಟ್ಟಿನ ಡಬ್ಬ ಆ ದಿನವನ್ನು ದಾಟಿಸುತ್ತದೆ. ವಾರಗಟ್ಟಲೆ ಬೇಸರ ಬಿಡದಿದ್ದರೆ ಡಾಕ್ಟರಿಗೆ ಹೇಳಿ. ಅದೂ ಚಿಕಿತ್ಸೆಯ ಭಾಗವೇ.

ಎಲ್ಲದರ ತೂಕ ಬರೆಯಿರಿ

8 ಅಡಿ 4 ಅಡಿಯ 18 ಎಂಎಂ ಪ್ಲೈವುಡ್ ಹಾಳೆ ಸುಮಾರು 35 ಕೆಜಿ. 12 ಎಂಎಂ ಆದರೆ 23ರ ಹತ್ತಿರ, 9 ಎಂಎಂ 17, 6 ಎಂಎಂ 12. ಮರದ ಜಾತಿಯ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ಮನೆಗೆ ಬರುವ ತುಂಬಿದ ಗ್ಯಾಸ್ ಸಿಲಿಂಡರ್ 30 ಕೆಜಿ ಇರುತ್ತದೆ. ಅಂದರೆ ಒಂದು ದಪ್ಪ ಪ್ಲೈ ಹಾಳೆ ಅದಕ್ಕಿಂತ ಭಾರ. ಇನ್ವರ್ಟರಿನ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ) ಟ್ಯೂಬ್ಯುಲರ್ ಬ್ಯಾಟರಿ 50 ಕೆಜಿ ದಾಟುತ್ತದೆ. 20 ಲೀಟರ್ ನೀರಿನ ಕ್ಯಾನು 20 ಕೆಜಿ.

ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ: ವಸ್ತು, ತೂಕ, ಯಾರು ಎತ್ತುತ್ತಾರೆ. ಡಾಕ್ಟರು ಹೇಳಿದ ಮಿತಿಗಿಂತ ಮೇಲಿರುವ ಪ್ರತಿಯೊಂದರ ಮುಂದೆ ಇನ್ನೊಬ್ಬರ ಹೆಸರು ಇರಲೇಬೇಕು. ಹೆಸರಿಲ್ಲದಿದ್ದರೆ ಆ ವಸ್ತು ಬೇಡ, ಇಲ್ಲವೇ ಅದನ್ನು ಎರಡು ತುಂಡು ಮಾಡಿ. ದುಡ್ಡಿನ ಲೆಕ್ಕ ಹಾಕುವಾಗಲೂ ಮೊದಲು ಬಡಗಿಯ ಕೂಲಿ ಎತ್ತಿಡಿ, ಆಮೇಲೆ ಫ್ರಿಜ್ಜು, ದೀಪ, ಪರದೆ. ಈ ವರ್ಷ ಇನ್ನೊಬ್ಬರ ಕೈಗೆ ಕೊಡುವ ಕೂಲಿ ನಿಮ್ಮ ಔಷಧಿ ಖರ್ಚಿನಷ್ಟೇ ಅಗತ್ಯ.

ಹಲಗೆ ಕತ್ತರಿಸುವುದು ಅಂಗಡಿಯಲ್ಲೇ ಆಗಲಿ

ದೊಡ್ಡ ಪ್ಲೈವುಡ್ ಅಂಗಡಿಗಳಲ್ಲಿ ಮಷಿನ್ನಿನಲ್ಲಿ ಅಳತೆಗೆ ಕತ್ತರಿಸಿ ಕೊಡುತ್ತಾರೆ. ನಿಮ್ಮ ಪಟ್ಟಿಯನ್ನು ಎಂಎಂ ಲೆಕ್ಕದಲ್ಲಿ ಬರೆದು ಕೊಡಿ. ಮನೆಗೆ ಬರುವಾಗ ಹೆಚ್ಚಿನ ತುಂಡುಗಳು ಎರಡು ಮೂರು ಕೆಜಿ ಒಳಗಿರುತ್ತವೆ. ಧೂಳೂ ಅಂಗಡಿಯಲ್ಲೇ ಉಳಿಯುತ್ತದೆ. ಮರದ ಧೂಳು ಕೆಮ್ಮು ಬರಿಸುತ್ತದೆ, ಈ ಕಾಲದಲ್ಲಿ ಒಂದೊಂದು ಕೆಮ್ಮೂ ಎದೆಯನ್ನು ಎಷ್ಟು ಹಿಂಡುತ್ತದೆ ಅಂತ ಹೇಳಬೇಕಾಗಿಲ್ಲ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ಭಾರವೂ ಹೌದು, ಧೂಳು ಇನ್ನೂ ನುಣ್ಣಗೆ.

ನಮ್ಮ ಬಡಗಿ ಒಳ್ಳೆಯ ಕೆಲಸಗಾರ. ಮನೆಯ ವಾರ್ಡ್‌ರೋಬ್ ಮಾಡುವ ಅಭ್ಯಾಸ. "ಸಾರ್, ಹದಿನೆಂಟು ಎಂಎಂ ಹಾಕೋಣ, ಗಟ್ಟಿ ಇರುತ್ತೆ" ಅಂದ. ನಾನು ತೂಕದ ಪಟ್ಟಿ ತೋರಿಸಿದೆ. ಪಕ್ಕಗಳಿಗೆ 9 ಎಂಎಂ, ಮೇಲೆ ಮಲಗುವ ಹಲಗೆಗೆ 12 ಎಂಎಂ, ಮೂಲೆಗಳಲ್ಲಿ ಸಣ್ಣ ಮರದ ಪಟ್ಟಿ ಅಂತ ಒಪ್ಪಿಕೊಂಡೆವು. 60 ಸೆಂ.ಮೀ. ಉದ್ದ, 40 ಅಗಲ, 30 ಎತ್ತರದ ಪೆಟ್ಟಿಗೆ ಹೀಗೆ ಮಾಡಿದರೆ 7 ಕೆಜಿ ಹತ್ತಿರ ಬರುತ್ತದೆ. ಪಕ್ಕದಲ್ಲಿ ಕೈ ತೂರಿಸುವ ತೂತು ಮಾಡಿಸಿ. ಇಬ್ಬರು ಎರಡು ಕಡೆ ಹಿಡಿದರೆ ಆರಾಮ. ಅಂಚುಗಳನ್ನೆಲ್ಲ ಉಪ್ಪು ಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿಸುವುದು ಮರೆಯಬೇಡಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಚೂಪು ಅಂಚು ದೊಡ್ಡ ತೊಂದರೆ.

ಹಾಸಿಗೆ: ಇಲ್ಲಿ ಜಾಸ್ತಿ ಸಮಯ ಕೊಡಿ

ಇಡೀ ಗಾಡಿಯಲ್ಲಿ ಮುಖ್ಯವಾದದ್ದು ಹಾಸಿಗೆ. ಎರಡನೇ ಸಾಲಿನ ಸೀಟನ್ನು ಮಡಚಿ, ಅದರ ಎತ್ತರಕ್ಕೆ ಸರಿಯಾಗಿ ಹಿಂದೆ ಪೆಟ್ಟಿಗೆಗಳನ್ನು ಜೋಡಿಸಿ, ಮೇಲೆ ಮೂರು ತುಂಡಿನ ಹಲಗೆ ಹಾಸುವುದು ಸುಲಭದ ವಿಧಾನ. ಒಂದೇ ದೊಡ್ಡ ಹಲಗೆ ಬೇಡವೇ ಬೇಡ. ಹಲಗೆಯ ಕೆಳಗೆ ರಬ್ಬರ್ ಮ್ಯಾಟಿನ ತುಂಡು ಅಂಟಿಸಿದರೆ ಸದ್ದೂ ಇಲ್ಲ, ಜಾರುವುದೂ ಇಲ್ಲ.

ಪೆಟ್ಟಿಗೆಗೆ ಮೇಲಿನಿಂದ ತೆರೆಯುವ ಮುಚ್ಚಳ ಇಟ್ಟರೆ ಪ್ರತಿ ಸಲ ಹಾಸಿಗೆ ಎತ್ತಬೇಕು. ಎಳೆಯುವ ಡ್ರಾಯರ್ ನೋಡಲು ಚಂದ, ಆದರೆ ಗಾಡಿ ಸ್ವಲ್ಪ ಇಳಿಜಾರಿನಲ್ಲಿ ನಿಂತಿದ್ದರೆ ತುಂಬಿದ ಡ್ರಾಯರ್ ಎಳೆಯುವುದು ನೇರ ಎದೆಗೇ ಬೀಳುತ್ತದೆ. ಅದಕ್ಕೆ ಬಾಗಿಲ ಕಡೆ ಮುಖ ಮಾಡಿದ ತೆರೆದ ಪೆಟ್ಟಿಗೆ ಮಾಡಿಸಿ, ಮುಂದೆ ಒಂದು ಬಟ್ಟೆಯ ಪರದೆ ಇಳಿಬಿಡಿ. ಜಾರು ಬಾಗಿಲು ತೆರೆದರೆ ಎಲ್ಲವೂ ಕೈಗೆ ಸಿಗುತ್ತದೆ.

ಹಾಸಿಗೆಗೆ 4 ಇಂಚಿನ ಪಿಯು ಫೋಮನ್ನು ಮೂರು ತುಂಡಾಗಿ ಕತ್ತರಿಸಿ ಹೊಲಿಸಿ. ಒಂದೊಂದು ತುಂಡೂ ಎರಡೂವರೆ ಕೆಜಿ ಆಸುಪಾಸು. ತೆಂಗಿನ ನಾರಿನ (ಕಾಯರ್) ಹಾಸಿಗೆ ಇದಕ್ಕಿಂತ ಭಾರ. ಹೊದಿಕೆ ಹತ್ತಿಯದೇ ಇರಲಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಗಳಲ್ಲಿ ಅಳತೆ ಕೊಟ್ಟು ಹೊಲಿಸಬಹುದು.

ಎದೆಯ ಆಪರೇಷನ್ ಆದವರಿಗೆ ಮೊದಲ ತಿಂಗಳುಗಳಲ್ಲಿ ಚಪ್ಪಟೆ ಮಲಗಿದರೆ ನಿದ್ದೆ ಬರುವುದಿಲ್ಲ. ತಲೆ, ಬೆನ್ನು ಎತ್ತರಕ್ಕಿರಬೇಕು. ಇದಕ್ಕೆ ಕೀಲು ಹಾಕಿ ಎತ್ತುವ ಹಲಗೆ ಮಾಡುವುದಕ್ಕಿಂತ ಇಳಿಜಾರಾಗಿ ಕತ್ತರಿಸಿದ ಫೋಮ್ ದಿಂಬು ಒಳ್ಳೆಯದು. ಬೆನ್ನಿನ ಅರ್ಧದಿಂದ ತಲೆಯವರೆಗೆ ಬರುವ ಹಾಗೆ, ಎತ್ತರದ ಕಡೆ 25ರಿಂದ 30 ಸೆಂ.ಮೀ. ಇರಲಿ. ಮೂರು ತಿಂಗಳಾದ ಮೇಲೆ ಅದನ್ನು ಒರಗಿ ಓದಲು ಬಳಸಿಕೊಳ್ಳಬಹುದು. ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಆ ಕಾಲು ಊದಿಕೊಳ್ಳುತ್ತದೆ, ಅದರ ಕೆಳಗೆ ಇಡಲು ಇನ್ನೊಂದು ಸಣ್ಣ ದಿಂಬು.

ಇನ್ನು ಹತ್ತುವುದು, ಇಳಿಯುವುದು. ಬಾಗಿಲ ಮೇಲಿನ ಹಿಡಿ ಹಿಡಿದು ಮೈ ಎಳೆದುಕೊಳ್ಳುವುದು ನಮಗೆಲ್ಲ ಅಭ್ಯಾಸ. ಅದನ್ನು ಬಿಡಲೇಬೇಕು. ಹೊಸ್ತಿಲ ಎತ್ತರದ ಅರ್ಧಕ್ಕೆ ಬರುವ ಅಗಲವಾದ ಮಣೆ ಮಾಡಿಸಿ, ಅಡಿಗೆ ರಬ್ಬರ್ ಹಾಕಿಸಿ. ಬಾಗಿಲಿಗೆ ಬೆನ್ನು ತಿರುಗಿಸಿ, ಹಾಸಿಗೆಯ ಅಂಚು ಕಾಲಿಗೆ ತಾಗುವವರೆಗೆ ಹಿಂದೆ ಸರಿದು ಕೂರಿ. ಆಮೇಲೆ ಕುಂಡೆ ಸ್ವಲ್ಪ ಸ್ವಲ್ಪವೇ ಸರಿಸಿ ಒಳಗೆ ಹೋಗಿ, ಕೊನೆಗೆ ಕಾಲು ತಿರುಗಿಸಿ. ಏಳುವಾಗ ಮಂಡಿ ಮಡಚಿ, ಸಣ್ಣ ದಿಂಬನ್ನು ಎದೆಗೆ ಅವಚಿಕೊಂಡು, ಬಾಗಿಲ ಕಡೆಗೆ ಇಡೀ ಮೈ ಒಟ್ಟಿಗೆ ಹೊರಳಿ. ಮೊದಲು ಕಾಲು ಕೆಳಗೆ ಬಿಡಿ. ಕಾಲಿನ ಭಾರಕ್ಕೆ ಮೈ ತಾನೇ ಮೇಲೆ ಬರುತ್ತದೆ. ಇದನ್ನು ಮನೆಯ ಮಂಚದಲ್ಲಿ ಅಭ್ಯಾಸ ಮಾಡಿ, ಸಲೀಸಾದ ಮೇಲೆ ವ್ಯಾನಿನಲ್ಲಿ ಮಾಡಿ. ಎಡಗಡೆಯ ಬಾಗಿಲಿಗೇ ನಿಮ್ಮ ಜಾಗ ಇಟ್ಟುಕೊಳ್ಳಿ, ರಸ್ತೆ ಬದಿ ನಿಲ್ಲಿಸಿದಾಗ ಓಡಾಡುವ ಗಾಡಿಗಳ ಕಡೆ ಇಳಿಯುವುದು ತಪ್ಪುತ್ತದೆ.

ಕರೆಂಟು: ಸಣ್ಣದೇ ಸಾಕು

ಒಂದು ರಾತ್ರಿಗೆ ನಿಜವಾಗಿ ಎಷ್ಟು ಬೇಕು ಲೆಕ್ಕ ಹಾಕೋಣ. 20 ವ್ಯಾಟಿನ 12 ವೋಲ್ಟ್ ಫ್ಯಾನು 8 ಗಂಟೆ ಓಡಿದರೆ 160 ವ್ಯಾಟ್-ಅವರ್. 10 ವ್ಯಾಟಿನ ಎಲ್‌ಇಡಿ 4 ಗಂಟೆಗೆ 40. ಎರಡು ಫೋನು ಚಾರ್ಜಿಗೆ 30. ಒಟ್ಟು 230. 12.8 ವೋಲ್ಟಿನ 50 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 640 ಇರುತ್ತದೆ. ಎರಡು ರಾತ್ರಿ ಧಾರಾಳ. ತೂಕ 6 ಕೆಜಿ ಆಸುಪಾಸು, ಹಳೇ ಸೀಸದ ಬ್ಯಾಟರಿಯ ಮುಂದೆ ಏನೂ ಅಲ್ಲ.

ಫ್ರಿಜ್ಜು ಸೇರಿಸಿದರೆ ಈ ಲೆಕ್ಕ ಎರಡು ಮೂರು ಪಟ್ಟು ಆಗುತ್ತದೆ, ಬ್ಯಾಟರಿ, ಪ್ಯಾನಲ್ಲು, ವೈರು ಎಲ್ಲ ದಪ್ಪ ಆಗುತ್ತವೆ. ಇನ್ಸುಲಿನ್ ತಗೊಳ್ಳುವವರಿಗೆ ಒಳ್ಳೆಯ ಐಸ್ ಡಬ್ಬ ಒಂದೆರಡು ದಿನಕ್ಕೆ ಸಾಕು, ಆದರೆ ಇನ್ಸುಲಿನ್ ಐಸಿಗೆ ನೇರ ತಾಗಿ ಹೆಪ್ಪುಗಟ್ಟಬಾರದು, ಬಟ್ಟೆ ಸುತ್ತಿಡಿ.

ಚಾರ್ಜಿಂಗ್ ಮನೆಯ ಪ್ಲಗ್ಗಿನಲ್ಲೇ ಮಾಡಿಕೊಂಡು ಹೊರಡಿ. ಚಾರ್ಜರ್ ಆ ಬ್ಯಾಟರಿಗೆಂದೇ ಮಾಡಿದ್ದಿರಲಿ. ಸೋಲಾರ್ ಬೇಕಿದ್ದರೆ 100 ವ್ಯಾಟಿನ ಮಡಚುವ ಪ್ಯಾನಲ್ಲು ತಗೊಂಡು ಗಾಡಿಗೆ ಒರಗಿಸಿಡಿ. ಒಳ್ಳೆ ಬಿಸಿಲಿನ ದಿನ 300 ವ್ಯಾಟ್-ಅವರ್ ಆಸುಪಾಸು ಬರುತ್ತದೆ. ಛಾವಣಿ ಮೇಲೆ ಕೂರಿಸಬೇಕಿಲ್ಲ, ತೂತಿಲ್ಲ, ಕೈ ಎತ್ತುವ ಕೆಲಸವಿಲ್ಲ.

ವೈರಿಂಗ್ ಮೇಜಿನ ಮೇಲೆ ಕೂತು ಮಾಡುವ ಕೆಲಸ, ಚೇತರಿಸಿಕೊಳ್ಳುವವರಿಗೆ ಹೇಳಿ ಮಾಡಿಸಿದ್ದು. ಒಂದು ಸಣ್ಣ ಹಲಗೆಯ ಮೇಲೆ ಫ್ಯೂಸ್ ಬಾಕ್ಸು, ಎರಡು ಸ್ವಿಚ್ಚು, ಯುಎಸ್‌ಬಿ ಸಾಕೆಟ್ಟು, ವೋಲ್ಟ್ ಮೀಟರ್ ಕೂರಿಸಿ. ಬ್ಯಾಟರಿಯ ಪ್ಲಸ್ ವೈರಿನಲ್ಲಿ ಬ್ಯಾಟರಿಗೆ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಇರಲೇಬೇಕು. ಇದೊಂದನ್ನು ಬಿಟ್ಟರೆ ಬೆಂಕಿಗೆ ದಾರಿ. ಫ್ಯಾನು, ದೀಪಕ್ಕೆ 1.5 ಚದರ ಎಂಎಂ ತಾಮ್ರದ ವೈರು ಸಾಕು, ಬ್ಯಾಟರಿಯಿಂದ ಫ್ಯೂಸ್ ಬಾಕ್ಸಿಗೆ 6 ಹಾಕಿ. ವೈರಿನ ತುದಿಗಳಿಗೆ ಲಗ್ (ಲೋಹದ ಸಣ್ಣ ತುದಿ) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಇಕ್ಕಳದಲ್ಲಿ ಒತ್ತಿ ಬಿಗಿಸಿ. ಕ್ರಿಂಪಿಂಗ್ ಇಕ್ಕಳ ಒತ್ತಲು ಎರಡೂ ಕೈಯ ಬಲ ಬೇಕು, ಅದನ್ನು ಇನ್ನೊಬ್ಬರು ಮಾಡಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಇದೆಲ್ಲ ಬಿಡಿಯಾಗಿ ಸಿಗುತ್ತದೆ. ಆ ಜನಜಂಗುಳಿಗೆ ನೀವು ಹೋಗಬೇಡಿ, ಪಟ್ಟಿ ಕೊಟ್ಟು ಕಳಿಸಿ.

ಪೇಸ್‌ಮೇಕರ್ ಇರುವವರಿಗೆ ಒಂದು ಎಚ್ಚರಿಕೆ. ಮ್ಯಾಗ್ನೆಟ್ ಇರುವ ಸೊಳ್ಳೆ ಪರದೆ, ಫೋನು, ಸ್ಪೀಕರ್ ಎಲ್ಲ ಅದರಿಂದ 15 ಸೆಂ.ಮೀ. ದೂರ ಇರಲಿ, ಇಂಡಕ್ಷನ್ ಒಲೆ 60 ಸೆಂ.ಮೀ. ದೂರ.

ಬಿಸಿಲು, ಗಾಳಿ, ಸೊಳ್ಳೆ

ಕಿಟಕಿಗಳಿಗೆ ಅಳತೆಗೆ ಕತ್ತರಿಸಿದ ಬೆಳ್ಳಿ ಬಣ್ಣದ ಫೋಮ್ ಶೀಟ್ ಮಾಡಿಕೊಳ್ಳಿ. ಕತ್ತರಿಯಲ್ಲಿ ಕತ್ತರಿಸುವ ಕೆಲಸ, ಹಗುರ. ಸೊಳ್ಳೆ ಪರದೆಯನ್ನು ವೆಲ್ಕ್ರೋದಲ್ಲಿ ಅಂಟಿಸಿ. ವೆಲ್ಕ್ರೋ ಅಂಟಿಸುವುದು ಹೆಗಲಿಗಿಂತ ಮೇಲಿನ ಕೆಲಸ, ಅದನ್ನು ಮನೆಯವರು ಮಾಡಲಿ. ರಾತ್ರಿ ಎರಡು ಎದುರು ಬದುರು ಕಿಟಕಿ ಸ್ವಲ್ಪ ತೆರೆದಿರಬೇಕು.

ಎಂಜಿನ್ ಓಡಿಸಿಕೊಂಡು ಎಸಿ ಹಾಕಿ ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ಅದು ತಡೆಯುತ್ತದೆ, ಹೃದಯ ಸೋತವರಿಗೆ ಇನ್ನೂ ಬೇಗ ಅಪಾಯ. ಬ್ಯಾಟರಿಯಲ್ಲಿ ಓಡುವ ಮಾನಾಕ್ಸೈಡ್ ಅಲಾರಂ ಒಂದು ತಲೆಯ ಹತ್ತಿರ ಇರಲಿ.

ಅಡುಗೆ, ನೀರು, ರಾತ್ರಿಯ ಮೂತ್ರ

ಅಡುಗೆ ಗಾಡಿಯ ಹೊರಗೇ. ಸಣ್ಣ ಬ್ಯೂಟೇನ್ ಕ್ಯಾನಿನ ಸ್ಟವ್, ಮಡಚುವ ಮೇಜು, ಒಂದು ಹಗುರ ಅಲ್ಯೂಮಿನಿಯಂ ಕುಕ್ಕರ್ ಇದ್ದರೆ ಗಂಜಿ, ಅನ್ನ, ಬೇಳೆ ಎಲ್ಲ ಆಗುತ್ತದೆ. ಉಪ್ಪು ಕಡಿಮೆ ತಿನ್ನಬೇಕಾದವರಿಗೆ ಹೋಟೆಲ್ ಊಟಕ್ಕಿಂತ ಇದೇ ಮೇಲು. ಕ್ಯಾನುಗಳನ್ನು ಬಿಸಿಲಿಗೆ ನಿಂತ ಗಾಡಿಯಲ್ಲಿ ಬಿಡಬೇಡಿ.

ನೀರಿಗೆ 5 ಲೀಟರಿನ ನಾಲ್ಕು ಕ್ಯಾನು. ಮೊದಲ ತಿಂಗಳುಗಳಲ್ಲಿ ಅವನ್ನೂ ಅರ್ಧ ಮಾತ್ರ ತುಂಬಿ. ಬಗ್ಗಿಸಿ ಸುರಿಯುವ ಬದಲು ಕ್ಯಾನಿನ ಬಾಯಿಗೆ ಕೂರಿಸುವ ಯುಎಸ್‌ಬಿ ಪಂಪ್ ಹಾಕಿದರೆ ಗುಂಡಿ ಒತ್ತಿದರೆ ಸಾಕು.

ಹೃದಯದ ಆಪರೇಷನ್ ಆದವರಲ್ಲಿ ಹಲವರಿಗೆ ನೀರು ಇಳಿಸುವ ಮಾತ್ರೆ ಕೊಟ್ಟಿರುತ್ತಾರೆ. ಪದೇ ಪದೇ ಮೂತ್ರಕ್ಕೆ ಹೋಗಬೇಕು. ಇದನ್ನು ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ಅಲ್ವಾ? ಆದರೆ ಕತ್ತಲಲ್ಲಿ, ನಿದ್ದೆಗಣ್ಣಲ್ಲಿ ಗಾಡಿಯಿಂದ ಇಳಿಯುವಾಗ ಬೀಳುವುದು ನಿಜವಾದ ಅಪಾಯ. ಗಂಡಸರಿಗೆ ಆಸ್ಪತ್ರೆಯ ಮುಚ್ಚಳದ ಬಾಟಲಿ, ಹೆಂಗಸರಿಗೆ ಮಡಚುವ ಕಮೋಡು ಮತ್ತು ಚೀಲ ಗಾಡಿಯಲ್ಲೇ ಇರಲಿ. ಮಾತ್ರೆಯ ಹೊತ್ತನ್ನು ಬೆಳಗ್ಗೆಗೆ ಇಡಬಹುದೇ ಅಂತ ಡಾಕ್ಟರನ್ನು ಕೇಳಿ.

ನೀವೇ ಉಪಕರಣ ಹಿಡಿಯುವ ಕಾಲ

ಡಾಕ್ಟರು ಒಪ್ಪಿದ ಮೇಲೆ, ಹೆಚ್ಚಾಗಿ 8ರಿಂದ 12 ವಾರದ ನಡುವೆ, ಸಣ್ಣ ಕಾರ್ಡ್‌ಲೆಸ್ ಸ್ಕ್ರೂ ಡ್ರೈವರಿನಿಂದ ಶುರು ಮಾಡಿ. ಕೈಯಿಂದ ಸ್ಕ್ರೂ ತಿರುಗಿಸುವುದಕ್ಕಿಂತ ಅದು ಹಗುರ. ಡ್ರಿಲ್ಲು ಸಿಕ್ಕಿಹಾಕಿಕೊಂಡಾಗ ಕೈಯನ್ನು ತಟ್ಟನೆ ತಿರುಚುತ್ತದೆ, ಆದ್ದರಿಂದ ಕ್ಲಚ್ (ಬಲ ಜಾಸ್ತಿಯಾದಾಗ ತಿರುಗುವುದನ್ನು ಬಿಡುವ ವ್ಯವಸ್ಥೆ) ಕಡಿಮೆ ಅಂಕಿಯಲ್ಲಿಡಿ, ಮೊದಲು ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ ಹಾಕಿ. ಮೇಜು ಸೊಂಟದ ಎತ್ತರಕ್ಕಿರಲಿ. ಸುತ್ತಿಗೆ, ಕೈ ಗರಗಸ, ಹೆಗಲಿಗಿಂತ ಮೇಲಿನ ಯಾವ ಕೆಲಸವೂ 12 ವಾರದೊಳಗೆ ಬೇಡ.

ಒಂದು ಕೆಲಸ ಅರ್ಧ ಗಂಟೆ, ಆಮೇಲೆ ವಿಶ್ರಾಂತಿ. ಮಾತಾಡುತ್ತಾ ಕೆಲಸ ಮಾಡಲು ಆಗುತ್ತಿದ್ದರೆ ಸರಿ, ಮಾತಿಗೆ ಉಸಿರು ಸಾಲದಿದ್ದರೆ ನಿಲ್ಲಿಸಿ. ಒಬ್ಬರೇ ಇರುವಾಗ ಮಷಿನ್ ಹಿಡಿಯಬೇಡಿ. ಹಲಗೆ ಹಿಡಿಯುವಾಗ ಕೈಗವಸು ಹಾಕಿ, ಡ್ರಿಲ್ಲು ತಿರುಗಿಸುವಾಗ ತೆಗೆಯಿರಿ, ಅದು ಸಿಕ್ಕಿಕೊಂಡು ಕೈ ಎಳೆಯುತ್ತದೆ. ಗಾಯವಾದರೆ ಶುದ್ಧ ಬಟ್ಟೆಯಲ್ಲಿ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ. ರಕ್ತ ತೆಳುವಾಗುವ ಮಾತ್ರೆಯಲ್ಲಿರುವವರ ತಲೆಗೆ ಪೆಟ್ಟು ಬಿದ್ದರೆ, ಗಾಯ ಕಾಣದಿದ್ದರೂ ತೋರಿಸಲೇಬೇಕು.

ಸ್ಪ್ರೇ ಪೇಂಟು, ಘಾಟಿನ ಅಂಟು ಇವನ್ನು ಬಯಲಿನಲ್ಲಿ ಬೇರೆಯವರು ಮಾಡಲಿ, ವಾಸನೆ ಹೋದ ಮೇಲೆ ನೀವು ಹತ್ತಿರ ಹೋಗಿ.

ಕೆಲಸ ಬಿಟ್ಟು ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಕಾದ ಲಕ್ಷಣಗಳನ್ನು ಗೋಡೆಗೆ ಅಂಟಿಸಿಡಿ: ಎದೆಮೂಳೆಯಲ್ಲಿ ಕಟಕಟ ಸದ್ದು ಅಥವಾ ಉಜ್ಜಿದ ಹಾಗೆ ಅನ್ನಿಸುವುದು, ಗಾಯದಿಂದ ಕೀವು, 38 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವರ, ಒಂದು ದಿನದಲ್ಲಿ ಕೆಜಿಗೂ ಜಾಸ್ತಿ ತೂಕ ಏರುವುದು, ಒಂದು ಮೀನಖಂಡ ಮಾತ್ರ ಊದಿ ನೋಯುವುದು. ಎದೆ ಹಿಂಡುವ ನೋವು, ತಟ್ಟನೆ ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು ಆದರೆ ಫೋನಿನಲ್ಲಿ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಬೇರೆ ಆಪರೇಷನ್ ಆಗಿದ್ದರೆ

ಹೊಟ್ಟೆಯ ಆಪರೇಷನ್, ಗರ್ಭಕೋಶ ತೆಗೆದವರು, ಹರ್ನಿಯಾ ಹೊಲಿದವರು ಭಾರದ ವಿಷಯದಲ್ಲಿ ಇದೇ ಜಾಗ್ರತೆ ತಗೊಳ್ಳಬೇಕು. ಬೆನ್ನುಮೂಳೆಯಾದರೆ ಬಗ್ಗುವುದು, ತಿರುಚುವುದು, ಎತ್ತುವುದು ಮೂರೂ ಬೇಡ, ಈಕೋದಂಥ ತಗ್ಗು ಗಾಡಿಯೇ ಸರಿಹೋಗದಿರಬಹುದು. ಸೊಂಟದ ಕೀಲು ಬದಲಿಸಿದ ಕೆಲವರಿಗೆ 90 ಡಿಗ್ರಿಗಿಂತ ಜಾಸ್ತಿ ಮಡಚಬೇಡಿ ಅಂದಿರುತ್ತಾರೆ. ಅವರಿಗೆ ಹಾಸಿಗೆಯ ಅಂಚು ಮಂಡಿಗಿಂತ ಎತ್ತರಕ್ಕಿರಬೇಕು.

ಮೊದಲ ಓಡಾಟ

ಗಾಡಿ ಓಡಿಸಲು ಸಾಮಾನ್ಯವಾಗಿ 4ರಿಂದ 6 ವಾರದ ಮೇಲೆ ಒಪ್ಪಿಗೆ ಸಿಗುತ್ತದೆ, ಕೆಲವರಿಗೆ ಇನ್ನೂ ತಡ. ಪವರ್ ಸ್ಟೀರಿಂಗ್ ಇಲ್ಲದ ಹಳೇ ಈಕೋ ಆದರೆ ಇನ್ನೂ ಕಾಯಿರಿ, ನಿಂತಲ್ಲೇ ಸ್ಟೀರಿಂಗ್ ತಿರುಗಿಸಲು ಎದೆಯ ಬಲವೆಲ್ಲ ಬೇಕು. ಸೀಟ್ ಬೆಲ್ಟ್ ಎಂದೂ ಬಿಡಬೇಡಿ. ಬೆಲ್ಟ್ ಗಾಯಕ್ಕೆ ಒತ್ತಿದರೆ ನಡುವೆ ಮಡಚಿದ ಟವೆಲ್ ಇಡಿ.

ಮೊದಲ ರಾತ್ರಿ ಮನೆ ಮುಂದೆಯೇ ಮಲಗಿ. ಎರಡನೆಯದು ಹತ್ತಿರದ ನೆಂಟರ ಅಂಗಳದಲ್ಲಿ. ಆಮೇಲೆ ಆಸ್ಪತ್ರೆ ಇರುವ ಊರಿನ ಕಡೆಗೇ ದಾರಿ ಹಾಕಿ. ಬೆಂಗಳೂರಿನವರಿಗೆ ಮೈಸೂರು ಒಳ್ಳೆಯ ಆಯ್ಕೆ. ರಸ್ತೆ ನುಣುಪು, ಎರಡೂ ಊರಲ್ಲಿ ಜಯದೇವ ಆಸ್ಪತ್ರೆ ಇದೆ. ಶಿರಾಡಿ, ಚಾರ್ಮಾಡಿ ಘಾಟಿಗಳು ಮುಂದಿನ ವರ್ಷಕ್ಕೆ ಇರಲಿ. ಗುಂಡಿಯ ಒಂದೊಂದು ಏಟೂ ಎದೆಗೆ ತಿಳಿಯುತ್ತದೆ. ಗಂಟೆಗೊಮ್ಮೆ ಇಳಿದು ಐದು ಹತ್ತು ನಿಮಿಷ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಅದು ಕಾಯುತ್ತದೆ.

ಮಾತ್ರೆಯ ಡಬ್ಬ ಡ್ಯಾಶ್‌ಬೋರ್ಡ್ ಮೇಲೆ ಬೇಡ, ಬಿಸಿಲಿಗೆ ಅಲ್ಲಿ ಕೆಂಡ. ಹಾಸಿಗೆಯ ಪಕ್ಕದ ಪೆಟ್ಟಿಗೆಯಲ್ಲಿ ಒಂದೇ ಜಾಗದಲ್ಲಿರಲಿ. ನಾಲಿಗೆ ಕೆಳಗಿಡುವ ಮಾತ್ರೆ ಬರೆದುಕೊಟ್ಟಿದ್ದರೆ ಅದು ಜೇಬಿನಲ್ಲಿ. ಡಿಸ್ಚಾರ್ಜ್ ಹಾಳೆಯ ಜೆರಾಕ್ಸು ಗ್ಲೋವ್ ಬಾಕ್ಸಿನಲ್ಲಿ, ಫೋಟೋ ಇಬ್ಬರ ಫೋನಿನಲ್ಲೂ.

ಹೊರಡುವ ಮೊದಲು ಪೆಟ್ಟಿಗೆಗಳನ್ನು ಸೀಟಿನ ಆಂಕರ್‌ಗೆ (ಸೀಟನ್ನು ಗಾಡಿಗೆ ಬಿಗಿದ ಜಾಗ) ಬೆಲ್ಟಿನಿಂದ ಕಟ್ಟಿ. ರ‍್ಯಾಚೆಟ್ ಬೆಲ್ಟ್‌ನ ಹಿಡಿ ಆಡಿಸಿ ಬಿಗಿಯಲು ಬಲ ಬೇಕು, ಒತ್ತಿ ಬಿಡುವ ಕ್ಯಾಮ್ ಬಕಲ್ ಬೆಲ್ಟ್ ಸಾಕು. ಜೋರಾಗಿ ಬ್ರೇಕ್ ಹಾಕಿದಾಗ ಕಟ್ಟದ ನೀರಿನ ಕ್ಯಾನು ಮುಂದಿನವರ ಬೆನ್ನಿಗೇ ಬಂದು ಬಡಿಯುತ್ತದೆ. 20 ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ, ಬೆಲ್ಟು ಸಡಿಲವಾಗಿದೆಯೇ, ಸ್ಕ್ರೂ ಎದ್ದಿದೆಯೇ, ಬ್ಯಾಟರಿಯ ವೈರು ಬಿಸಿಯಾಗಿದೆಯೇ ಅಂತ ಜೊತೆಯವರು ಕೈಯಿಟ್ಟು ನೋಡಲಿ. ಸಡಿಲಾದದ್ದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ವಾಪಸ್ ಬಂದ ಮೇಲೆ ಬಡಗಿಗೆ ತೋರಿಸಿ.